ಸಭೆಯಲ್ಲಿ ಸ್ಥಾನವಿಲ್ಲದವರು: ಬೆಸ್ಟ್ ಊರಿನಿಂದ ಕಂಡ ಅರಸು–ಪಾರ್ಲಿಮೆಂಟ್ ಸಂಘರ್ಷ

1629ರ ಮಾರ್ಚ್ 2ರಂದು ವೆಸ್ಟ್‌ಮಿನ್‌ಸ್ಟರಿನ ಕಾಮನ್ಸ್ ಸಭೆಯಲ್ಲಿ ಸಭಾಧ್ಯಕ್ಷ ಜಾನ್ ಫಿಂಚ್ ಅರಸನ ಅಪ್ಪಣೆಯಂತೆ ಕಲಾಪ ಮುಂದೂಡಲು ಎದ್ದರು. ಡೆನ್ಜಿಲ್ ಹಾಲಿಸ್ ಮತ್ತು ಬೆಂಜಮಿನ್ ವ್ಯಾಲೆಂಟೈನ್ ಎಂಬ ಇಬ್ಬರು ಸದಸ್ಯರು ಅವರನ್ನು ಕುರ್ಚಿಯಲ್ಲಿಯೇ ಅದುಮಿ ಹಿಡಿದರು. ಆ ಗಲಾಟೆಯ ನಡುವೆಯೇ ಸಭೆ ಮೂರು ನಿರ್ಣಯಗಳಿಗೆ ಒಪ್ಪಿಗೆ ಕೂಗಿತು. ಪೋಪನ ಮತವನ್ನೋ ಆರ್ಮಿನಿಯಸ್ ಮತವನ್ನೋ ದೇಶದೊಳಗೆ ತರುವವನು ರಾಜ್ಯದ್ರೋಹಿ. ಪಾರ್ಲಿಮೆಂಟಿನ ಸಮ್ಮತಿಯಿಲ್ಲದೆ ಸುಂಕ ವಸೂಲಿಗೆ ಸಲಹೆ ಕೊಡುವವನೂ ದ್ರೋಹಿ. ಆ ಸುಂಕವನ್ನು ತಾನಾಗಿ ತೆರುವವನೂ ದ್ರೋಹಿ. ಎಂಟು ದಿನಗಳ ನಂತರ ಒಂದನೆಯ ಚಾರ್ಲ್ಸ್ ಪಾರ್ಲಿಮೆಂಟನ್ನು ವಿಸರ್ಜಿಸಿದ. ಮುಂದಿನ 11 ವರ್ಷ ಅದನ್ನು ಕರೆಯಲೇ ಇಲ್ಲ.

ಅದೇ ವರ್ಷದ ಮೇ ತಿಂಗಳ ಆರಂಭದಲ್ಲಿ, ಕಡಲಿನ ಈಚೆಗೆ, ಬ್ರಬಾಂಟಿನ ಡೆನ್ ಬಾಸ್ ಕೋಟೆಯ ಸುತ್ತ ಡಚ್ ಗಣರಾಜ್ಯದ ಸುಮಾರು 28,000 ಸೈನಿಕರು ಬೀಡುಬಿಟ್ಟರು. ಆ ಕೋಟೆಯಿಂದ ದಕ್ಷಿಣಕ್ಕೆ ಸುಮಾರು 25 ಕಿಲೋಮೀಟರ್ ದೂರದಲ್ಲಿ ಇಂದಿನ ಬೆಸ್ಟ್ ಊರಿದೆ. ಐಂಡ್ಹೋವನ್ ಸುತ್ತಮುತ್ತ ಕೆಲಸಕ್ಕೆಂದು ಬಂದ ಕನ್ನಡಿಗರಿಗೆ ಈಗ ಬೆಸ್ಟ್ ಎಂದರೆ ಫಿಲಿಪ್ಸ್ ಕಂಪನಿಯ ವೈದ್ಯಕೀಯ ಉಪಕರಣಗಳ ಘಟಕ, ರೈಲು ನಿಲ್ದಾಣ. ಆಗ ಅದು ಸ್ವತಂತ್ರ ಊರೂ ಆಗಿರಲಿಲ್ಲ. ನಾಸ್ಟನ್‌ಬೆಸ್ಟ್, ಫೆರನ್‌ಬೆಸ್ಟ್, ಆರ್ಲೆ ಎಂಬ ಕೇರಿಗಳಾಗಿ ಓರ್ಸ್‌ಖೋಟ್ ಗ್ರಾಮಕ್ಕೆ ಸೇರಿತ್ತು. ಓರ್ಸ್‌ಖೋಟ್ ಇದ್ದದ್ದು ಡೆನ್ ಬಾಸಿನ ಆಡಳಿತಕ್ಕೆ ಒಳಪಟ್ಟ ಮೆಯೆರೈ ಎಂಬ ಪ್ರಾಂತದ ಕೆಂಪನ್‌ಲ್ಯಾಂಡ್ ವಿಭಾಗದಲ್ಲಿ.

ಇಂಗ್ಲೆಂಡಿನ ಅರಸ ಮತ್ತು ಪಾರ್ಲಿಮೆಂಟಿನ ಜಗಳವನ್ನು ನಾವು ಲಂಡನ್ನಿನಲ್ಲಿ ನಿಂತು ನೋಡಿ ಕಲಿತವರು. ನಮ್ಮ ಕಾಲೇಜು ಪಠ್ಯಗಳಲ್ಲಿ ಅದು ಹಕ್ಕೊತ್ತಾಯ ಪತ್ರದಿಂದ ಹಕ್ಕುಗಳ ಮಸೂದೆಯವರೆಗೆ ಏರುತ್ತ ಹೋಗುವ ಕಥೆ: ಅರಸ ಕಟ್ಟಿಹಾಕುವವನು, ಸಭೆ ಬಿಡಿಸುವುದು. ಅದೇ ಶತಮಾನವನ್ನು ಬೆಸ್ಟ್‌ನ ಹೊಲಗಳಿಂದ ನೋಡಿದರೆ ಈ ಏರುಗತಿ ಕಾಣುವುದಿಲ್ಲ. ಇಲ್ಲಿಯೂ ಅರಸನ ವಿರುದ್ಧ ಜನಸಭೆಯೊಂದು ಗೆದ್ದಿತು. ಗೆದ್ದ ಸಭೆ ಇಲ್ಲಿನ ಜನರ ಗುಡಿಯನ್ನು ಕಸಿದುಕೊಂಡು, ಸಭೆಯೊಳಗೆ ಅವರಿಗೆ ಸ್ಥಾನವನ್ನೂ ಕೊಡದೆ, ಸುಮಾರು ಒಂದೂವರೆ ಶತಮಾನ ಆಳಿತು. ಇವೆರಡೂ ಒಂದೇ ಸಂಘರ್ಷದ ಎರಡು ಮಗ್ಗುಲುಗಳು ಎಂಬುದು ಈ ಲೇಖನದ ವಾದ.

ಡಚ್ಚರ ಜಗಳ ಇಂಗ್ಲಿಷರದಕ್ಕಿಂತ ಹಳೆಯದು. ಸ್ಪೇನಿನ ಎರಡನೆಯ ಫಿಲಿಪ್ ನೆದರ್ಲ್ಯಾಂಡ್ಸ್ ಪ್ರಾಂತಗಳಿಗೂ ಒಡೆಯ. ಹೊಸ ತೆರಿಗೆ, ಪ್ರೊಟೆಸ್ಟಂಟರ ಮೇಲಿನ ಕಠಿಣ ಶಾಸನ, ಊರೂರಿನ ಹಳೆಯ ಸನ್ನದುಗಳ ಉಲ್ಲಂಘನೆ, ಮೂರೂ ಸೇರಿ ದಂಗೆಯೆದ್ದಿತು. 1581ರ ಜುಲೈ 26ರಂದು ಪ್ರಾಂತಗಳ ಪ್ರತಿನಿಧಿಗಳ ಸಭೆಯಾದ ಸ್ಟೇಟ್ಸ್ ಜನರಲ್ ಒಂದು ಘೋಷಣೆ ಹೊರಡಿಸಿ ಫಿಲಿಪ್ ಇನ್ನು ತಮ್ಮ ಒಡೆಯನಲ್ಲ ಎಂದಿತು. ಪ್ರಜೆಗಳಿಗಾಗಿ ಅರಸನೇ ಹೊರತು ಅರಸನಿಗಾಗಿ ಪ್ರಜೆಗಳಲ್ಲ ಎಂಬುದು ಅದರ ತಳಹದಿ. ಚಾರ್ಲ್ಸ್‌ನ ಶಿರಚ್ಛೇದಕ್ಕಿಂತ 68 ವರ್ಷ ಮೊದಲಿನ ಮಾತಿದು. ಡೆನ್ ಬಾಸ್ ಮಾತ್ರ 1579ರಲ್ಲಿಯೇ ಅರಸನ ಜೊತೆ ರಾಜಿ ಮಾಡಿಕೊಂಡಿತ್ತು. ಅದು ಧರ್ಮಾಧ್ಯಕ್ಷರ ಪಟ್ಟಣ; ಸುತ್ತಲಿನ ಹಳ್ಳಿಗಳೂ ಕ್ಯಾಥೊಲಿಕರವೇ. ಹೀಗಾಗಿ ಮೆಯೆರೈ ಎರಡೂ ಪಕ್ಷಗಳ ದಂಡು ಹಾಯುವ ನೆಲವಾಯಿತು.

ಇಂಗ್ಲಿಷ್ ಸದಸ್ಯರು 1629ರಲ್ಲಿ ಹೆಸರಿಸಿದ ಆರ್ಮಿನಿಯಸ್ ಡಚ್ಚನೇ, ಲೈಡನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ. ಮೋಕ್ಷ ದೇವರು ಮೊದಲೇ ನಿಶ್ಚಯಿಸಿಟ್ಟದ್ದು, ಮನುಷ್ಯನ ಇಚ್ಛೆಗೆ ಅದರಲ್ಲಿ ಪಾಲಿಲ್ಲ ಎಂಬ ಕ್ಯಾಲ್ವಿನ್ ಪಂಥದ ನಿಷ್ಠುರ ಮಾತನ್ನು ಆತ ಸಡಿಲಿಸಿದ. ಆತ ತೀರಿಕೊಂಡ ಮೇಲೆ ಗಣರಾಜ್ಯವೇ ಎರಡು ಪಾಳೆಯವಾಯಿತು. 1618–19ರ ಡಾರ್ಡ್ರೆಕ್ಟ್ ಧರ್ಮಸಭೆ ಆತನ ಅನುಯಾಯಿಗಳನ್ನು ಹೊರಹಾಕಿತು. ಇಂಗ್ಲೆಂಡಿನ ಒಂದನೆಯ ಜೇಮ್ಸ್ ಅಲ್ಲಿಗೆ ತನ್ನ ಪ್ರತಿನಿಧಿಗಳನ್ನು ಕಳಿಸಿದ್ದ. ಆರ್ಮಿನಿಯಸ್ ಪಕ್ಷದ ಬೆಂಬಲಕ್ಕಿದ್ದ ಹಿರಿಯ ರಾಜನೀತಿಜ್ಞ ಓಲ್ಡನ್‌ಬಾರ್ನೆವೆಲ್ಟ್ 1619ರ ಮೇ 13ರಂದು ಹೇಗ್‌ನಲ್ಲಿ ಶಿರಚ್ಛೇದಕ್ಕೆ ಗುರಿಯಾದರು. ಹತ್ತು ವರ್ಷದೊಳಗೆ ಅದೇ ವಾದ ಲಂಡನ್ನಿನಲ್ಲಿ ರಾಜಕೀಯವಾಯಿತು. ಚಾರ್ಲ್ಸ್ ಮೇಲೇರಿಸುತ್ತಿದ್ದ ಬಿಷಪರು, ಮುಖ್ಯವಾಗಿ ವಿಲಿಯಂ ಲಾಡ್, ಆರ್ಮಿನಿಯಸ್ ಮತದವರೆಂದೂ ಅವರ ಹಿಂದೆಯೇ ಪೋಪ್ ಬರುತ್ತಾನೆಂದೂ ಕಾಮನ್ಸ್ ಸಭೆ ಭಯಪಟ್ಟಿತು. ತೆರಿಗೆಯ ಪ್ರಶ್ನೆ ಮತ್ತು ಮತದ ಪ್ರಶ್ನೆ ಒಂದೇ ನಿರ್ಣಯಪತ್ರದಲ್ಲಿ ಕೂತದ್ದು ಆಕಸ್ಮಿಕವಲ್ಲ. ಅರಸನಿಗೆ ಸ್ವಂತ ವರಮಾನ ಸಿಕ್ಕರೆ ಮತವನ್ನೂ ಅವನೇ ನಿಶ್ಚಯಿಸುತ್ತಾನೆ ಎಂಬ ಲೆಕ್ಕ ಅದರಲ್ಲಿತ್ತು.

ಡೆನ್ ಬಾಸಿನ ಮುತ್ತಿಗೆಯನ್ನು ನಡೆಸಿದವರು ಆರೆಂಜ್ ಮನೆತನದ ರಾಜಕುಮಾರ ಫ್ರೆಡೆರಿಕ್ ಹೆಂಡ್ರಿಕ್. ಸುತ್ತ ಜೌಗು ನೆಲ. ಅದಕ್ಕೇ ಆ ಕೋಟೆ ಅಭೇದ್ಯವೆಂದು ಹೆಸರಾಗಿತ್ತು. ಅವರು ಪಟ್ಟಣವನ್ನು ಸುತ್ತುವರಿದು ಹತ್ತಾರು ಕಿಲೋಮೀಟರ್ ಉದ್ದದ ಒಡ್ಡು ಕಟ್ಟಿಸಿ, ಡೊಮ್ಮೆಲ್ ಮತ್ತು ‘ಆ’ ಎಂಬ ನದಿಗಳ ನೀರನ್ನು ತಿರುಗಿಸಿ, ಒಳಗೆ ನಿಂತ ನೀರನ್ನು ಯಂತ್ರಗಳಿಂದ ಎತ್ತಿಸಿ ಹೊರಹಾಕಿಸಿದರು. ಸೆಪ್ಟೆಂಬರ್ 14ರಂದು ಪಟ್ಟಣ ಶರಣಾಯಿತು. ಧರ್ಮಾಧ್ಯಕ್ಷ ಮಿಖಾಯೆಲ್ ಒಫೋವಿಯಸ್ ಮತ್ತು ಧರ್ಮಗುರುಗಳು ಊರು ಬಿಟ್ಟರು. ಭಕ್ತರು ಪೂಜಿಸುತ್ತಿದ್ದ ಮರಿಯಮ್ಮನವರ ಪ್ರತಿಮೆ ಬ್ರಸೆಲ್ಸ್ ಸೇರಿತು. ಅದು ಮರಳಿದ್ದು 1853ರಲ್ಲಿ.

ಮುತ್ತಿಗೆ ಹಾಕಿದ ಸೈನ್ಯದಲ್ಲಿ ಹೊರೇಸ್ ವೀರ್ ಮುಂದಾಳುತನದ ಇಂಗ್ಲಿಷ್ ದಳಗಳಿದ್ದವು. ಅವುಗಳ ಜೊತೆ ಹದಿನೇಳರ ತರುಣ ಥಾಮಸ್ ಫೇರ್‌ಫ್ಯಾಕ್ಸ್ ಇದ್ದ. 16 ವರ್ಷಗಳ ಬಳಿಕ, 1645ರ ಜೂನ್ 14ರಂದು, ನೇಸ್‌ಬಿಯಲ್ಲಿ ಪಾರ್ಲಿಮೆಂಟಿನ ಹೊಸ ಸೈನ್ಯವನ್ನು ನಡೆಸಿ ಚಾರ್ಲ್ಸ್‌ನ ಸೈನ್ಯವನ್ನು ಮುರಿದವನು ಇವನೇ. ಅಂದು ಪಾರ್ಲಿಮೆಂಟಿನ ಕಾಲಾಳುಗಳ ನಾಯಕ ಫಿಲಿಪ್ ಸ್ಕಿಪನ್, ಅರಸನ ಕಾಲಾಳುಗಳ ನಾಯಕ ಜೇಕಬ್ ಆಸ್ಟ್ಲಿ. ಇಬ್ಬರೂ ಡಚ್ ಸೇವೆಯಲ್ಲಿ ಪಳಗಿದವರು. ಇಂಗ್ಲೆಂಡಿನ ಅಂತರ್ಯುದ್ಧದ ಯುದ್ಧವಿದ್ಯೆ ಬಹುಮಟ್ಟಿಗೆ ಈ ನದಿ-ಕಾಲುವೆಗಳ ನಾಡಿನ ಮುತ್ತಿಗೆಗಳಲ್ಲಿ ಕಲಿತದ್ದು.

ಪಟ್ಟಣ ಬಿದ್ದರೂ ಹಳ್ಳಿಗಳ ಒಡೆತನ ತೀರ್ಮಾನವಾಗಲಿಲ್ಲ. ಕೋಟೆ ಹೋಗಿದೆ, ಹಳ್ಳಿಗಾಡು ಇನ್ನೂ ನಮ್ಮದೇ ಎಂದಿತು ಸ್ಪೇನಿನ ಆಡಳಿತವಿದ್ದ ಬ್ರಸೆಲ್ಸ್. ಪಟ್ಟಣದ ಜೊತೆ ಮೆಯೆರೈ ಪೂರ್ತಿ ನಮ್ಮದಾಯಿತು ಎಂದಿತು ಸ್ಟೇಟ್ಸ್ ಜನರಲ್ ಕೂಡುತ್ತಿದ್ದ ಹೇಗ್. 1629ರಿಂದ 1648ರವರೆಗಿನ ಈ 19 ವರ್ಷ ಗ್ರಾಮೀಣ ಬ್ರಬಾಂಟಿನ ಅತ್ಯಂತ ಕಷ್ಟದ ಕಾಲವೆಂಬುದು ನನ್ನ ಎಣಿಕೆ. ಎರಡೂ ಸರ್ಕಾರಗಳು ಕಂದಾಯ ಕೇಳಿದವು. ಒಂದು ನಿರೂಪ ಹೊರಡಿಸಿದರೆ ಮತ್ತೊಂದು ಪ್ರತಿನಿರೂಪ ಹೊರಡಿಸಿತು. ಈ ಕಡೆಯವರು ಧರ್ಮಗುರುವನ್ನು ಒತ್ತೆಯಾಗಿ ಹಿಡಿದೊಯ್ದರೆ ಆ ಕಡೆಯವರು ಸರ್ಕಾರಿ ಅಧಿಕಾರಿಯನ್ನು ಹಿಡಿದರು. ಸಮ್ಮತಿಯಿಲ್ಲದ ತೆರಿಗೆ ಕೊಡಬಾರದೆಂದು ವೆಸ್ಟ್‌ಮಿನ್‌ಸ್ಟರಿನ ಜಮೀನುದಾರರು ವಾದಿಸುತ್ತಿದ್ದ ಆ ವರ್ಷಗಳಲ್ಲಿ ಮೆಯೆರೈ ರೈತ ತನ್ನ ಸಮ್ಮತಿ ಕೇಳದ ಇಬ್ಬರಿಗೂ ತೆತ್ತ.

1642 ಎರಡೂ ಕಡೆಗೆ ಮುಖ್ಯವಾದ ವರ್ಷ. ಜನವರಿ 4ರಂದು ಚಾರ್ಲ್ಸ್ ಐವರು ಸದಸ್ಯರನ್ನು ಬಂಧಿಸಲು ಶಸ್ತ್ರಸಹಿತ ಕಾಮನ್ಸ್ ಸಭೆಯೊಳಗೆ ಕಾಲಿಟ್ಟು ಬರಿಗೈಯಲ್ಲಿ ಮರಳಿದ. ಫೆಬ್ರುವರಿಯಲ್ಲಿ ರಾಣಿ ಹೆನ್ರಿಯೆಟ್ಟಾ ಮರಿಯಾ ಹೇಗ್‌ನತ್ತ ಹೊರಟಳು. ಹಿಂದಿನ ವರ್ಷ ಫ್ರೆಡೆರಿಕ್ ಹೆಂಡ್ರಿಕ್‌ನ ಮಗ ವಿಲಿಯಮನಿಗೆ ಮದುವೆ ಮಾಡಿಕೊಟ್ಟಿದ್ದ ಎಳೆಯ ಮಗಳು ಮೇರಿ ಜೊತೆಗಿದ್ದಳು. ರಾಣಿ ಅಲ್ಲಿ ಒಡವೆಗಳನ್ನು ಒತ್ತೆಯಿಟ್ಟು ಆಯುಧ ಕೊಂಡಳು. ಬೀಗರಾದ ರಾಜಕುಮಾರ ನೆರವಿಗೆ ಒಲಿದರು. ಹಾಲೆಂಡ್ ಪ್ರಾಂತದ ಪ್ರತಿನಿಧಿಗಳು ತಟಸ್ಥರಾಗಿರಬೇಕೆಂದು ಹಟ ಹಿಡಿದರು. ಆಗಸ್ಟ್ 22ರಂದು ನಾಟಿಂಗ್‌ಹ್ಯಾಮಿನಲ್ಲಿ ಅರಸನ ಯುದ್ಧಧ್ವಜ ಏರಿತು.

ಅದೇ ವರ್ಷ ಡೆನ್ ಬಾಸಿನಲ್ಲಿ ನಡೆದದ್ದು ಇಂಗ್ಲೆಂಡ್ ಕಲಿಯದೆ ಹೋದ ಪಾಠ ಎನ್ನಬಹುದು. ಚಿತ್ರಕಾರ ಹಿಯರೊನಿಮಸ್ ಬಾಸ್ ಒಮ್ಮೆ ಸದಸ್ಯರಾಗಿದ್ದ ಮರಿಯಮ್ಮನವರ ಸಹೋದರ ಸಂಘ ಅಲ್ಲಿತ್ತು. ಸಂಘದ ಆಸ್ತಿ ಹೊಸ ಸರ್ಕಾರದ ಪಾಲಾಗುವ ಭಯವಿದ್ದಾಗ ಪಟ್ಟಣದ ಪ್ರೊಟೆಸ್ಟಂಟ್ ರಾಜ್ಯಪಾಲ ಯೋಹಾನ್ ವಾನ್ ಬ್ರೆಡೆರೋಡೆ ಮತ್ತವರ ಕಡೆಯವರು ಅದರ ಸದಸ್ಯತ್ವ ಕೇಳಿದರು. ಕ್ಯಾಥೊಲಿಕ್ ಸದಸ್ಯರು ಒಪ್ಪಿ ಸೇರಿಸಿಕೊಂಡರು. ಕ್ಯಾಲ್ವಿನ್ ಪಂಥದ ವಿದ್ವಾಂಸ ವೂಟಿಯಸ್ ಇದನ್ನು ವಿಗ್ರಹಾರಾಧನೆಯೆಂದು ಖಂಡಿಸಿದರು; ಆ ವಾಗ್ವಾದ ದಾರ್ಶನಿಕ ಡೆಕಾರ್ಟೆಯನ್ನೂ ಎಳೆದುಕೊಂಡಿತು. ಅದಾವುದಕ್ಕೂ ಬಗ್ಗದೆ, ಎರಡೂ ಮತದವರನ್ನು ಸಮಸಂಖ್ಯೆಯಲ್ಲಿ ಒಳಗೊಂಡು ಆ ಸಂಘ ಇಂದಿಗೂ ಉಳಿದಿದೆ. ಇಂಥ ಹೊಂದಾಣಿಕೆ ಪಟ್ಟಣದ ಸಿರಿವಂತರಿಗೆ ದಕ್ಕಿತು. ಬೆಸ್ಟ್‌ನ ಕೇರಿಗಳಿಗೆ ಅದು ತಲುಪಲಿಲ್ಲ.

1648ರ ಜನವರಿ 30ರಂದು ಮ್ಯೂನ್‌ಸ್ಟರ್‌ನಲ್ಲಿ ಸ್ಪೇನ್ ಡಚ್ಚರೊಡನೆ ಒಪ್ಪಂದಕ್ಕೆ ಸಹಿ ಹಾಕಿ ಮೆಯೆರೈಯನ್ನು ಬಿಟ್ಟುಕೊಟ್ಟಿತು. ಮುಂದಿನ ವರ್ಷ, ಇಂಗ್ಲಿಷರ ಪಂಚಾಂಗದ ಜನವರಿ 30ರಂದು, ಚಾರ್ಲ್ಸ್‌ನ ತಲೆ ಉರುಳಿತು. ಎರಡೂ ಕಡೆ ಸಭೆಗಳೇ ಗೆದ್ದಿದ್ದವು. ಗೆದ್ದವರು ಮಾಡಿದ್ದೇನು? ಮೆಯೆರೈಗೆ ಪ್ರಾಂತದ ಸ್ಥಾನ ಸಿಗಲಿಲ್ಲ. ಸ್ಟೇಟ್ಸ್ ಜನರಲ್ ತಾನೇ ನೇರವಾಗಿ ಆಳುವ ಪ್ರದೇಶವಾಗಿ ಅದನ್ನು ಇಟ್ಟುಕೊಂಡಿತು. 1651ರ ಮಹಾಸಭೆಯಲ್ಲಿ ಬ್ರಬಾಂಟಿನವರು ತಮಗೂ ಒಂದು ಸ್ಥಾನ ಬೇಕೆಂದು ಕೇಳಿದಾಗ ಏಳು ಪ್ರಾಂತಗಳು ನಿರಾಕರಿಸಿದವು. ಬಲಿಪೂಜೆ ನಿಷಿದ್ಧವಾಯಿತು. ಚರ್ಚುಗಳು ಬೆರಳೆಣಿಕೆಯ ಪ್ರೊಟೆಸ್ಟಂಟ್ ಕುಟುಂಬಗಳ ಪಾಲಾದವು. 1660ರ ಕಟ್ಟಳೆ ಊರಿನ ಅಧಿಕಾರಿ, ಕಾರ್ಯದರ್ಶಿ, ಶಾಲಾ ಮಾಸ್ತರ ಎಲ್ಲರೂ ಸುಧಾರಿತ ಮತದವರೇ ಆಗಿರಬೇಕೆಂದು ವಿಧಿಸಿತು. ಜನ ಮತ ಬದಲಿಸಲಿಲ್ಲ. ಗಣರಾಜ್ಯದ ಅಧಿಕಾರ ನಡೆಯದ ಗೆಮರ್ಟ್, ರಾವೆನ್‌ಸ್ಟೈನ್, ಮೇಗನ್‌ಗಳಂಥ ತುಂಡು ಸಂಸ್ಥಾನಗಳಿಗೆ ಗಡಿ ದಾಟಿ ಹೋಗಿ ಪೂಜೆ ಕೇಳಿದರು. 1672ರ ಫ್ರೆಂಚ್ ದಾಳಿಯ ನಂತರ ಹಿಡಿತ ಸಡಿಲಿ ಹಳ್ಳಿಗಳಲ್ಲಿ ಕಣಜದಂಥ ಕಟ್ಟಡಗಳಲ್ಲಿ ಪೂಜೆ ನಡೆಯತೊಡಗಿತು. ಅವಕ್ಕೆ ಗೋಪುರವಾಗಲಿ ಗಂಟೆಯಾಗಲಿ ಇರಕೂಡದು. ಕಣ್ಣುಮುಚ್ಚಿಕೊಂಡಿದ್ದಕ್ಕೆ ಅಧಿಕಾರಿಗೆ ಹಣ ತೆರಬೇಕು.

ಮೈಸೂರಿನಲ್ಲಿ 1881ರಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆಗೆ ಕಾಯಿದೆ ಮಾಡುವ ಅಧಿಕಾರ ಇರಲಿಲ್ಲ. ಆದರೂ ಅಹವಾಲು ಹೇಳಿಕೊಳ್ಳಲು ಅಲ್ಲಿ ಜಾಗವಿತ್ತು. 17ನೆಯ ಶತಮಾನದ ಯುರೋಪಿನಲ್ಲೇ ಸ್ವಾತಂತ್ರ್ಯಕ್ಕೆ ಹೆಸರಾದ ಗಣರಾಜ್ಯ ಮೆಯೆರೈಗೆ ಅಷ್ಟನ್ನೂ ಕೊಡಲಿಲ್ಲ. ಇದನ್ನು ಡಚ್ಚರ ವಿಶೇಷ ಕ್ರೌರ್ಯವೆಂದು ಓದುವುದು ತಪ್ಪಾಗುತ್ತದೆ. ಅರಸನಿಲ್ಲದ ಇಂಗ್ಲೆಂಡಿನ ಪಾರ್ಲಿಮೆಂಟು ಐರ್ಲೆಂಡಿನ ಕ್ಯಾಥೊಲಿಕರ ಭೂಮಿಯನ್ನು 1652ರ ಕಾಯಿದೆಯಿಂದ ಮುಟ್ಟುಗೋಲು ಹಾಕಿಕೊಂಡದ್ದು ಇನ್ನೂ ಘೋರ. ಸಭೆಯ ಬಲ ಹುಟ್ಟಿದ್ದೇ ಪೋಪನ ಭಯದಿಂದ. ಹಾಗಾಗಿ ಅದು ಬಲವಾದಷ್ಟೂ ಕ್ಯಾಥೊಲಿಕ್ ಪ್ರಜೆಯ ಬಾಳು ಕಿರಿದಾಯಿತು.

ಎರಡೂ ದಾರಿಗಳು ಒಬ್ಬ ಮನುಷ್ಯನಲ್ಲಿ ಕೂಡಿದವು. ಮೇರಿಯ ಮಗ, ಚಾರ್ಲ್ಸ್‌ನ ಮೊಮ್ಮಗ, ಆರೆಂಜಿನ ಮೂರನೆಯ ವಿಲಿಯಂ 1688ರ ನವೆಂಬರ್ 5ರಂದು ಟಾರ್ಬೇಯಲ್ಲಿ ಇಳಿದು ತನ್ನ ಕ್ಯಾಥೊಲಿಕ್ ಮಾವ ಎರಡನೆಯ ಜೇಮ್ಸ್‌ನನ್ನು ಓಡಿಸಿದ. 1689ರ ಹಕ್ಕುಗಳ ಮಸೂದೆಯ ಪ್ರಕಾರ ಪಾರ್ಲಿಮೆಂಟಿನ ಸಮ್ಮತಿಯಿಲ್ಲದೆ ತೆರಿಗೆಯಿಲ್ಲ, ಶಾಂತಿಕಾಲದಲ್ಲಿ ಸೈನ್ಯವಿಲ್ಲ. ಕ್ಯಾಥೊಲಿಕನಿಗೆ ಸಿಂಹಾಸನವೂ ಇಲ್ಲ. ಅದೇ ವರ್ಷದ ಸಹಿಷ್ಣುತಾ ಕಾಯಿದೆ ಕ್ಯಾಥೊಲಿಕರನ್ನು ಹೊರಗಿಟ್ಟಿತು. ವಿಲಿಯಂ ಡಚ್ ಗಣರಾಜ್ಯದ ಸ್ಟಾಡ್‌ಹೋಲ್ಡರ್ ಎಂಬ ಮುಖ್ಯಾಧಿಕಾರಿಯಾಗಿಯೂ ಮುಂದುವರಿದ. ಲಂಡನ್ನಿನಲ್ಲಿ ಸಭೆಯ ಹಕ್ಕಿಗೆ ತಲೆಬಾಗಿದ ಆತನ ಕಾಲದಲ್ಲಿಯೂ ಮೆಯೆರೈಗೆ ಹೇಗ್‌ನ ಸಭೆಯಲ್ಲಿ ಸ್ಥಾನ ದೊರೆಯಲಿಲ್ಲ.

ಅದು ಬದಲಾಗಲು 1794–95ರಲ್ಲಿ ಫ್ರೆಂಚ್ ಸೈನ್ಯ ಬರಬೇಕಾಯಿತು. ಹಳೆಯ ಸ್ಟೇಟ್ಸ್ ಜನರಲ್ ಹೋಗಿ 1796ರ ಮಾರ್ಚ್ 1ರಂದು ಹೇಗ್‌ನಲ್ಲಿ ರಾಷ್ಟ್ರೀಯ ಸಭೆ ಕೂಡಿತು. ಅದರಲ್ಲಿ ಬ್ರಬಾಂಟಿನ ಪ್ರತಿನಿಧಿಗಳು ಮೊದಲ ಬಾರಿ ಕುಳಿತರು. ಆಗಸ್ಟಿನಲ್ಲಿ ಸಭೆ ಚರ್ಚನ್ನೂ ಸರ್ಕಾರವನ್ನೂ ಬೇರ್ಪಡಿಸಿತು. 1798ರ ಸಂವಿಧಾನದ ಬಳಿಕ ಹಳೆಯ ಚರ್ಚುಗಳು ಊರಿನ ಬಹುಸಂಖ್ಯೆಯ ಮತದವರಿಗೆ ಮರಳತೊಡಗಿದವು. ಓರ್ಸ್‌ಖೋಟ್‌ನ ಸಂತ ಪೇತ್ರರ ದೊಡ್ಡ ಚರ್ಚು ಕ್ಯಾಥೊಲಿಕರಿಗೆ ಬಂತು, ಅಲ್ಪಸಂಖ್ಯೆಯ ಪ್ರೊಟೆಸ್ಟಂಟರಿಗೆ ಬೆಣ್ಣೆ ತೂಗುವ ಕಟ್ಟೆಯಾಗಿದ್ದ ಪುಟ್ಟ ಹಳೆಯ ಚರ್ಚು ದಕ್ಕಿತು. ಇಂಗ್ಲೆಂಡಿನ ಪಾರ್ಲಿಮೆಂಟು ಕ್ಯಾಥೊಲಿಕರನ್ನು ಒಳಗೆ ಬಿಟ್ಟುಕೊಂಡದ್ದು 1829ರಲ್ಲಿ. ಬೆಸ್ಟ್ 1819ರಲ್ಲಿ ಓರ್ಸ್‌ಖೋಟ್‌ನಿಂದ ಬೇರೆಯಾಗಿ ಸ್ವಂತ ಆಡಳಿತದ ಊರಾಯಿತು. ಈಗ ಅಲ್ಲಿ ಕಾಣುವ ಸಂತ ಓಡುಲ್ಫರ ಎತ್ತರದ ಚರ್ಚು 1880ರ ದಶಕದ್ದು.

1796ರ ಆ ಚುನಾವಣೆಯಲ್ಲಿ 20 ವರ್ಷ ದಾಟಿದ ಗಂಡಸರಿಗೆ, ಪ್ರಜೆಗಳೇ ಪರಮಾಧಿಕಾರಿಗಳೆಂದು ಪ್ರಮಾಣ ಮಾಡಿದರೆ, ಮತವಿತ್ತು. ಬಡವರ ನಿಧಿಯಿಂದ ಹೊಟ್ಟೆ ಹೊರೆಯುತ್ತಿದ್ದವರಿಗೆ ಇರಲಿಲ್ಲ. ಹೆಂಗಸರಿಗೆ ಮತದ ಹಕ್ಕು ಕೊಟ್ಟ ಕಾಯಿದೆ 1919ರಲ್ಲಿ ಬಂತು.