ಜೋಯಿಡಾದ ಕರಿಗಲ್ಲು, ಬೆಂಗಳೂರಿನ ವಿಜ್ಞಾನಿ



ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಕಡೆಯಿಂದ ಬಂದು ನನ್ನ ತರಗತಿಯಲ್ಲಿ ಕುಳಿತವರಿಗೆಲ್ಲ ಒಂದು ಪಾಠವನ್ನು ನಾನು ಬಾಕಿ ಉಳಿಸಿಕೊಂಡಿದ್ದೇನೆ. ಅದನ್ನು ತೀರಿಸುವ ಪ್ರಯತ್ನವಿದು.

1978ರ ಮಳೆಗಾಲ. ಹಳಿಯಾಳದಲ್ಲಿ ಅಯಸ್ಕಾಂತದ ಪಾಠ ನಡೆದಿತ್ತು. ಜೋಯಿಡಾ ಸೀಮೆಯ ಹುಡುಗನೊಬ್ಬ ಚೀಲದಿಂದ ಭಾರವಾದ ಕರಿಗಲ್ಲೊಂದನ್ನು ತೆಗೆದು ಮೇಜಿನ ಮೇಲಿಟ್ಟ. ಅದು ಆ ಕಾಡಿನಲ್ಲಿ ದೊರೆಯುವ ಮ್ಯಾಂಗನೀಸ್ ಅದಿರು. ಅಯಸ್ಕಾಂತವನ್ನು ಹತ್ತಿರ ಹಿಡಿದರೂ ಕಲ್ಲು ಅಲುಗಲಿಲ್ಲ. "ಸರ್, ಇದೂ ಲೋಹದ ಕಲ್ಲೇ ಅಲ್ಲವೇ? ಕಬ್ಬಿಣಕ್ಕೆ ಇರುವ ಗುಣ ಇದಕ್ಕೆ ಯಾಕಿಲ್ಲ?" ಎಂದು ಕೇಳಿದ. "ಇದಕ್ಕೂ ಅಯಸ್ಕಾಂತಕ್ಕೂ ಸಂಬಂಧವಿಲ್ಲ, ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ" ಎಂದುಬಿಟ್ಟೆ. ನನಗೆ ಉತ್ತರ ತಿಳಿದಿರಲಿಲ್ಲ ಎಂಬುದೇ ನಿಜ. ಮುಂದೆ ಸೂಪಾ ಅಣೆಕಟ್ಟಿಗಾಗಿ ಮನೆ, ಗದ್ದೆ ಬಿಟ್ಟು ಅವನ ಕುಟುಂಬ ರಾಮನಗರಕ್ಕೆ ಹೋಯಿತು. ಅವನು ಮತ್ತೆ ಕಾಣಲಿಲ್ಲ.

ನಿವೃತ್ತಿಯ ನಂತರ ಓದಲು ಕುಳಿತಾಗ ಆ ಪ್ರಶ್ನೆಯ ಜಾಡು ಬಹಳ ದೂರ ಹೋಯಿತು.

ಬೇಲಿಯ ಎರಡು ಗೂಟಗಳ ನಡುವೆ ಹಗ್ಗ ತೂರಿಸಿ ಅಲುಗಿಸಿದರೆ ಅದು ಮೇಲೆ-ಕೆಳಗೆ ಮಾತ್ರ ಕುಣಿಯುತ್ತದೆ. ಒಂದೇ ದಿಕ್ಕಿನಲ್ಲಿ ಹಾಗೆ ಕಂಪಿಸುವ ಬೆಳಕನ್ನು ಧ್ರುವೀಕೃತ ಬೆಳಕು ಎನ್ನುತ್ತಾರೆ. 1845ರಲ್ಲಿ ಮೈಕೆಲ್ ಫ್ಯಾರಡೆ ಅಂಥ ಬೆಳಕನ್ನು ಕಾಂತಕ್ಷೇತ್ರದಲ್ಲಿಟ್ಟ ಸೀಸದ ಗಾಜಿನೊಳಗೆ ಹಾಯಿಸಿದಾಗ ಕಂಪನದ ದಿಕ್ಕು ತುಸು ತಿರುಗಿತು. ಬೆಳಕಿಗೂ ಕಾಂತಕ್ಕೂ ನಂಟಿದೆಯೆಂದು ತೋರಿಸಿದ ಮೊದಲ ಪ್ರಯೋಗವದು. 1877ರಲ್ಲಿ ಜಾನ್ ಕೆರ್, ವಿದ್ಯುತ್ಕಾಂತದ ನಯಗೊಳಿಸಿದ ತುದಿಯಿಂದ ಪ್ರತಿಫಲಿಸಿದ ಬೆಳಕೂ ಹಾಗೆಯೇ ತಿರುಗುವುದೆಂದು ಪ್ರಕಟಿಸಿದರು. ಕೆರ್ ಗ್ಲಾಸ್ಗೋದ ಶಿಕ್ಷಕರ ತರಬೇತಿ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದವರು, ಅಂದರೆ ನಮ್ಮ ವೃತ್ತಿಯವರೇ.

ಈ ಕಾಂತ-ದ್ಯುತಿವಿಜ್ಞಾನ ನಮ್ಮ ಬೆಂಗಳೂರಿಗೂ ಬಂತು. ಸರ್ ಸಿ.ವಿ. ರಾಮನ್ನರ ಸೋದರಿಯ ಮಗ, 1923ರಲ್ಲಿ ಕಲ್ಕತ್ತೆಯಲ್ಲಿ ಜನಿಸಿದ ಶಿವರಾಜ್ ರಾಮಶೇಷನ್, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮನ್ನರ ಬಳಿ ಸಂಶೋಧನೆಗೆ ಸೇರಿದರು. ಇಪ್ಪತ್ತಮೂರರ ಆಸುಪಾಸಿನಲ್ಲೇ, 1946ರಲ್ಲಿ, ವಜ್ರದಲ್ಲಿ ಬೆಳಕು ಎಷ್ಟು ತಿರುಗುತ್ತದೆಂದು ಅಳೆದು ಪ್ರಕಟಿಸಿದರು. ತಿರುಗುವ ಕೋನ ಅತ್ಯಲ್ಪ. ಅಳೆಯುವವನಿಗೆ ಬೇಕಾದದ್ದು ತಾಳ್ಮೆ. ಬೆಕೆರೆಲ್ಲರ ಸೂತ್ರ ಹೇಳುವುದಕ್ಕಿಂತ ಅಳತೆ ಕಡಿಮೆ ಬರುತ್ತಿತ್ತು. ಆ ಕೊರತೆಯನ್ನು ತಪ್ಪೆಂದು ತಳ್ಳಿಹಾಕದೆ, ಹರಳಿನೊಳಗೆ ಪರಮಾಣುಗಳು ಬೆಸೆದುಕೊಂಡಿರುವ ಬಗೆಗೆ ಅದೇ ಸುಳಿವೆಂದು ಅವರು ಕಂಡರು. ಮುಂದೆ ಅವರು ಎಕ್ಸ್-ಕಿರಣ ಹರಳುಶಾಸ್ತ್ರಕ್ಕೆ ಹೊರಳಿದರು, ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ದ್ರವ್ಯವಿಜ್ಞಾನ ವಿಭಾಗ ಕಟ್ಟಿದರು, 1981ರಿಂದ 1984ರವರೆಗೆ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದರು. 2003ರ ಡಿಸೆಂಬರಿನಲ್ಲಿ ತೀರಿಕೊಂಡರು.

ರಾಮಶೇಷನ್ನರು ಬೆಳಕು ಹಾಯುವ ಹರಳುಗಳನ್ನು ಪರೀಕ್ಷಿಸಿದರು. ಲೋಹದೊಳಗೆ ಬೆಳಕು ಹಾಯುವುದಿಲ್ಲ. ಆದರೆ ಅದನ್ನು ಕೂದಲೆಳೆಗಿಂತ ಎಷ್ಟೋ ಪಟ್ಟು ತೆಳುವಾದ ಪೊರೆಯಾಗಿ ಗಾಜಿನ ಮೇಲೆ ಹರಡಿದರೆ ಬೆಳಕು ತೂರಿಬರುತ್ತದೆ. 1957ರಲ್ಲಿ ಅಮೆರಿಕದ ವಿಲಿಯಮ್ಸ್ ಮತ್ತು ಸಂಗಡಿಗರು ಅಂಥದೊಂದು ಪೊರೆಯ ಮೇಲೆ ಕಾಂತದಿಂದ ಬರೆದು, ಆ ಬರಹವನ್ನು ಧ್ರುವೀಕೃತ ಬೆಳಕಿನಲ್ಲಿ ಓದಿ ತೋರಿಸಿದರು. ಮರುವರ್ಷ ಮೇಯರ್ ಎಂಬವರು, ಪೊರೆಯ ಒಂದು ಚುಕ್ಕೆಯನ್ನು ಬಿಸಿಮಾಡಿ ಅದರ ಕಾಂತಗುಣ ಅಳಿಸಿ, ಆರುವಾಗ ಹೊಸ ದಿಕ್ಕು ಕೊಟ್ಟು ಬರೆಯಬಹುದೆಂದು ತೋರಿಸಿದರು. 1992ರಲ್ಲಿ ಬಂದ ಸೋನಿಯ ಮಿನಿಡಿಸ್ಕ್ ಹಾಡುಗಳನ್ನು ಮುದ್ರಿಸಿಕೊಂಡದ್ದು ಇದೇ ತತ್ತ್ವದಿಂದ, ಬೇರೆ ಲೋಹಗಳ ಪೊರೆಯ ಮೇಲೆ.

ಆ ಮೊದಲ ಪೊರೆ ಯಾವುದರದು ಗೊತ್ತೇ? ಮ್ಯಾಂಗನೀಸ್ ಮತ್ತು ಬಿಸ್ಮತ್‌ಗಳ ಸಂಯುಕ್ತದ್ದು! ಎರಡನ್ನೂ ಬೇರೆ ಬೇರೆಯಾಗಿ ಇಟ್ಟರೆ ಅಯಸ್ಕಾಂತ ಎತ್ತಲಾರದು. ಕೂಡಿದಾಗ ಬಲವಾದ ಅಯಸ್ಕಾಂತವೇ ಆಗುತ್ತದೆ. ಮ್ಯಾಂಗನೀಸಿನ ಪ್ರತಿ ಪರಮಾಣುವೂ ಪುಟ್ಟ ಅಯಸ್ಕಾಂತವೇ. ಬಿಡಿ ಲೋಹದಲ್ಲಿ ಅವು ಒಂದೇ ದಿಕ್ಕಿಗೆ ನಿಲ್ಲುವುದಿಲ್ಲ, ಬಿಸ್ಮತ್ತಿನ ಜೊತೆ ಹೊಸ ಅಂತರದಲ್ಲಿ ಕೂತಾಗ ಒಂದೇ ಮುಖವಾಗಿ ನಿಲ್ಲುತ್ತವೆ. ಉಕ್ಕಿಗೆ ಗಟ್ಟಿತನ ಕೊಡುವ ಲೋಹವೆಂದಷ್ಟೇ ನಾವು ಬಲ್ಲ ಮ್ಯಾಂಗನೀಸಿನಲ್ಲಿ ಇಷ್ಟೆಲ್ಲ ಅಡಗಿತ್ತು.

ಹೀಗೆ, 1978ರಲ್ಲಿ ಆ ಹುಡುಗ ಕೇಳಿದ್ದಕ್ಕೆ ಉತ್ತರ ಇಪ್ಪತ್ತು ವರ್ಷ ಮೊದಲೇ ಜಗತ್ತಿನಲ್ಲಿತ್ತು, ನನ್ನಲ್ಲಿರಲಿಲ್ಲ. "ಗೊತ್ತಿಲ್ಲ, ಹುಡುಕೋಣ" ಎನ್ನಬಹುದಿತ್ತು. ಸೂತ್ರಕ್ಕೆ ಹೊಂದದ ಅಳತೆಯನ್ನು ಬೆಂಗಳೂರಿನ ತರುಣನೊಬ್ಬ ಜತನದಿಂದ ಎತ್ತಿಕೊಂಡ. ಪಾಠಕ್ಕೆ ಹೊಂದದ ಕಲ್ಲನ್ನು ನಾನು ಚೀಲಕ್ಕೆ ಮರಳಿ ಹಾಕಿಸಿದೆ.

ಅವನ ಜೊತೆ ಓದಿದವರು ನಿಮ್ಮಲ್ಲಿ ಯಾರಾದರೂ ಇದ್ದು, ಅವನಿರುವ ಊರು ಬಲ್ಲಿರಾದರೆ, ದಯವಿಟ್ಟು ಇದನ್ನು ಅವನಿಗೆ ಓದಿ ಹೇಳಿರಿ. ಅವನ ಪ್ರಶ್ನೆ ಸರಿಯಾಗಿತ್ತು. ಮಾಸ್ತರರ ಉತ್ತರವೇ ತಪ್ಪಾಗಿತ್ತು ಎಂದೂ ತಿಳಿಸಿರಿ.