ಜಪಾನು ದೇಶದ ಹಳೆಯ ಧ್ವನಿಮುದ್ರಿಕೆಗಳ ಕಾಲನಿರ್ಣಯ

ಶಾಸನದಲ್ಲಿ ಶಕವರ್ಷವು ಉಕ್ತವಾಗಿಲ್ಲದಿದ್ದರೆ ಲಿಪಿ, ರಾಜನಾಮ, ಬಿರುದು ಮೊದಲಾದುವುಗಳಿಂದ ಅದರ ಕಾಲವನ್ನು ನಿರ್ಣಯಿಸುವುದು ವಾಡಿಕೆ. ಜಪಾನು ದೇಶದ ಹಳೆಯ ಗ್ರಾಮಫೋನು ತಟ್ಟೆಗಳ ವಿಷಯದಲ್ಲಿಯೂ ಇದೇ ಕ್ರಮವು ಅನುಸರಣೀಯವು. ತಟ್ಟೆಯ ನಡುವಣ ದುಂಡನೆಯ ಕಾಗದದ ಮೇಲೆ ಹಾಡಿನ ಹೆಸರು, ಗಾಯಕರ ಹೆಸರು, ಕಂಪೆನಿಯ ಮುದ್ರೆ ಇವು ಇರುತ್ತವೆ. ವರ್ಷವು ಸಾಮಾನ್ಯವಾಗಿ ಇರುವುದಿಲ್ಲ.

ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗನು 1902ರಲ್ಲಿ ಕಲಕತ್ತೆಯಲ್ಲಿ ಗೌಹರ್ ಜಾನ್ ಮೊದಲಾದವರ ಗಾನವನ್ನು ಮುದ್ರಿಸಿಕೊಂಡು, 1903ರಲ್ಲಿ ಟೋಕಿಯೋ ನಗರಕ್ಕೆ ಹೋಗಿ ಅಲ್ಲಿಯ ಕಲಾವಿದರ ಗಾನವಾದನಗಳನ್ನೂ ಮುದ್ರಿಸಿಕೊಂಡನು. ಆ ತಟ್ಟೆಗಳು ತಯಾರಾದುದು ಜರ್ಮನಿಯ ಹಾನೋವರಿನಲ್ಲಿ. ಆದುದರಿಂದ ತಟ್ಟೆಯನ್ನು ತಯಾರಿಸಿದ ಸ್ಥಳವೇ ಹಾಡಿದ ಸ್ಥಳವೆಂದು ಭಾವಿಸಲಾಗದು.

ದೇಶೀಯ ತಟ್ಟೆಗಳಲ್ಲಿ ಪ್ರಸಿದ್ಧವಾದುದು ಹದ್ದಿನ ಮುದ್ರೆಯ ‘ನಿಪ್ಪೊನೋಫೋನ್’. ಇದರ ಕಂಪೆನಿಯು 1910ರಲ್ಲಿ ಸ್ಥಾಪಿತವಾಯಿತು. 1927-28ರಲ್ಲಿ ವಿದೇಶದ ಬಂಡವಾಳವು ಬಂದು, ಇದೇ ಸಂಸ್ಥೆಯಿಂದ ‘ಕೊಲಂಬಿಯ’ ತಟ್ಟೆಗಳು ಹೊರಟವು. ವಿಕ್ಟರ್, ಪೊಲಿಡೋರ್ ಹೆಸರಿನ ಜಪಾನೀ ಕಂಪೆನಿಗಳು 1927ರಲ್ಲಿ ಹುಟ್ಟಿದುವು. ವೀರ ಕುಸುನೋಕಿ ಮಸಾಶಿಗೆಯ ಮೂರ್ತಿಯನ್ನು ಲಾಂಛನವಾಗುಳ್ಳ ‘ತೇಯಿಚಿಕು’ 1934ರಲ್ಲಿ ನಾರಾದಲ್ಲಿ ಸ್ಥಾಪಿತವಾಯಿತು. ಈ ಹೆಸರುಗಳಿಂದ ತಟ್ಟೆಯ ಕಾಲದ ಪೂರ್ವಸೀಮೆಯು ಮಾತ್ರ ತಿಳಿಯುತ್ತದೆ.

ಪೂರ್ವೋತ್ತರ ಸೀಮೆಗಳೆರಡನ್ನೂ ಸೂಚಿಸುವ ಸಾಕ್ಷ್ಯವು ಯುದ್ಧಕಾಲದ್ದು. ಶತ್ರುಗಳ ಭಾಷೆಯನ್ನು ತ್ಯಜಿಸಬೇಕೆಂಬ ಒತ್ತಾಯದಿಂದ 1942-43ರಲ್ಲಿ ಕೊಲಂಬಿಯವು ‘ನಿಚ್ಚಿಕು’ ಎಂದೂ, ಪೊಲಿಡೋರ್ ‘ದಾಯಿತೋವ’ ಎಂದೂ, ಕಿಂಗ್ ‘ಫೂಜಿ’ ಎಂದೂ, ವಿಕ್ಟರ್ ‘ನಿಪ್ಪೋನ್ ಓಂಕ್ಯೋ’ ಎಂದೂ ಹೆಸರು ಬದಲಾಯಿಸಿದುವು. 1946ರಲ್ಲಿ ಕೊಲಂಬಿಯವು ಪೂರ್ವನಾಮವನ್ನು ಪುನಃ ಧರಿಸಿತು. ಆದುದರಿಂದ ‘ನಿಚ್ಚಿಕು’ ಎಂದಿರುವ ತಟ್ಟೆಯು ಈ ಅಲ್ಪಾವಧಿಯಲ್ಲಿ ತಯಾರಾದುದೆನ್ನಲು ಅಡ್ಡಿಯಿಲ್ಲ.

ಲಿಪಿಯೂ ಸಹಕಾರಿಯು. ಯುದ್ಧಪೂರ್ವದ ತಟ್ಟೆಗಳಲ್ಲಿ ಜಪಾನೀ ಅಡ್ಡಬರೆಹವು ಹೆಚ್ಚಾಗಿ ಬಲದಿಂದ ಎಡಕ್ಕೆ ಸಾಗುತ್ತದೆ. ಯುದ್ಧಾನಂತರ ಎಡದಿಂದ ಬಲಕ್ಕೆ ಬರೆಯುವುದು ರೂಢಿಯಾಯಿತು. 1946ರಲ್ಲಿ ಬಳಕೆಯ ಅಕ್ಷರಗಳ ಪಟ್ಟಿಯೂ 1949ರಲ್ಲಿ ಅವುಗಳ ಸರಳರೂಪಗಳೂ ಅಧಿಕೃತವಾಗಿ ಪ್ರಕಟವಾದುವು. ಹಳೆಯ ರೂಪಗಳು ಕೂಡಲೆ ಲೋಪವಾಗಲಿಲ್ಲವಾದುದರಿಂದ, ಇದೊಂದನ್ನೇ ನಂಬಿ ಕಾಲವನ್ನು ಹೇಳಲಾಗದು.

ಇಲ್ಲಿ ಮುಖ್ಯವಾದ ಎಚ್ಚರಿಕೆಯೊಂದುಂಟು. ಕಾಗದವು ತಿಳಿಸುವುದು ತಟ್ಟೆಯನ್ನು ಒತ್ತಿದ ಕಾಲವನ್ನು, ಹಾಡಿದ ಕಾಲವನ್ನಲ್ಲ. ಹಳೆಯ ಅಚ್ಚಿನಿಂದಲೇ ಹೊಸ ಹೆಸರಿನ ತಟ್ಟೆಯನ್ನು ಒತ್ತಬಹುದು. ಶಾಂತಿಕಾಲದ ಗೀತವೊಂದು ‘ನಿಚ್ಚಿಕು’ ಕಾಗದದೊಡನೆ ದೊರೆತರೆ, ಅದನ್ನು ಯುದ್ಧಪ್ರಚಾರದ ಕೃತಿಯೆಂದು ಎಣಿಸಿ ಗಾಯಕನಿಗೆ ಇಲ್ಲದ ಅಪವಾದವನ್ನು ಹೊರಿಸಿದಂತಾದೀತು. ಮೂಲಶಾಸನವನ್ನೂ ಅದರ ಪ್ರತಿಯನ್ನೂ ವಿಂಗಡಿಸುವಂತೆ ಇಲ್ಲಿಯೂ ವಿಂಗಡಿಸಬೇಕು. ಕಾಗದದ ಹೊರಗಣ ನುಣುಪಾದ ಭಾಗದಲ್ಲಿ ಒತ್ತಿರುವ ಅಚ್ಚಿನ ಸಂಖ್ಯೆಯನ್ನು ಓದಿ, ಕಂಪೆನಿಗಳ ಮಾಸಿಕ ಪಟ್ಟಿಗಳೊಡನೆ ಹೋಲಿಸಬೇಕು. 1934ರಲ್ಲಿ ಪ್ರಕಟನೆಯ ಕಾಯಿದೆಯನ್ನು ತಿದ್ದಿ ಧ್ವನಿಮುದ್ರಿಕೆಗಳನ್ನೂ ಸರಕಾರದ ಪರಿಶೀಲನೆಗೆ ಒಳಪಡಿಸಿದುದರಿಂದ, ಆ ಬಳಿಕಿನವುಗಳಿಗೆ ಸರಕಾರದ ಬರೆಹಗಳೂ ಪ್ರಮಾಣಗಳಾಗಬಲ್ಲುವು. ಮುದ್ರೆ, ಲಿಪಿ, ಸಂಖ್ಯೆ ಈ ಮೂರೂ ಒಂದನ್ನೊಂದು ಸಮರ್ಥಿಸಿದಾಗಲೇ ಕಾಲವು ನಿರ್ಣೀತವಾಯಿತೆಂದು ಹೇಳಬಹುದು.