ಮಾರತ್ತಹಳ್ಳಿಯ ಬಾಂಡ್ ಲೆಕ್ಕ

ಒಂದು ಲಕ್ಷದ ತೊಂಬತ್ತೇಳು ರೂಪಾಯಿ. ಎರಡನೇ ಮಗಳಾದರೆ ಒಂದು ಲಕ್ಷದ ಐವತ್ತೆರಡು. ಅಂಗನವಾಡಿ ಕೆಲಸದಿಂದ ನಿವೃತ್ತಳಾದ ಮೇಲೂ ಈ ಎರಡು ಅಂಕಿ ನನಗೆ ಮಗ್ಗಿಯ ಹಾಗೆ ಬಾಯಿಗೆ ಬರುತ್ತವೆ. ಮಾರತ್ತಹಳ್ಳಿ, ಮುನ್ನೇಕೊಳಾಲ, ದೊಡ್ಡನೆಕ್ಕುಂದಿ ಕಡೆಯ ಬಾಣಂತಿಯರು ನನ್ನ ಹತ್ತಿರ ಬಂದರೆ ಮಗುವಿನ ತೂಕ ಕೇಳುವ ಮೊದಲು ಕೇಳುತ್ತಿದ್ದದ್ದು ಅದನ್ನೇ. "ಮಿಸ್, ಇವಳಿಗೆ ಎಷ್ಟು ಬರುತ್ತೆ?" ಎಂದು ನಮ್ಮೂರಿನವರು. "ಟೀಚರ್ರೀ, ರೊಕ್ಕಾ ಎಷ್ಟ್ ಬರ್ತಾವ್ರೀ?" ಎಂದು ಗಾರೆ ಕೆಲಸಕ್ಕೆ ಬಂದ ಯಾದಗಿರಿಯವರು.

ಇದು ಭಾಗ್ಯಲಕ್ಷ್ಮಿ ಯೋಜನೆಯ ಮಾತು. 2006ರಲ್ಲಿ ಜೆಡಿಎಸ್ ಮತ್ತು ಬಿಜೆಪಿ ಸೇರಿ ಸರ್ಕಾರ ಮಾಡಿದಾಗ ಉಪಮುಖ್ಯಮಂತ್ರಿಯಾಗಿ ಹಣಕಾಸು ಖಾತೆ ಇಟ್ಟುಕೊಂಡಿದ್ದವರು ಬಿ.ಎಸ್. ಯಡಿಯೂರಪ್ಪ. ಯೋಜನೆ ಬಂದದ್ದು ಆಗ. 2006ರ ಮಾರ್ಚ್ 31ರ ನಂತರ ಬಿಪಿಎಲ್ ಮನೆಯಲ್ಲಿ ಹುಟ್ಟಿದ ಹೆಣ್ಣುಮಗುವಿನ ಹೆಸರಿನಲ್ಲಿ ಸರ್ಕಾರ ಹತ್ತು ಸಾವಿರ ರೂಪಾಯಿಯನ್ನು ಜೀವ ವಿಮಾ ನಿಗಮದಲ್ಲಿ ಇಡುವುದು, ಹದಿನೆಂಟು ತುಂಬಿದಾಗ ಅದು ಬೆಳೆದು ಮಗುವಿನ ಕೈಸೇರುವುದು. ಮೊದಲ ಮಗಳಿಗೆ ಸಿಗುವ ಮೊತ್ತ 34,751 ರೂಪಾಯಿ ಎಂದು ಲೆಕ್ಕ ಹಾಕಿದ್ದರು. 2008ರ ಆಗಸ್ಟ್ 1ರಿಂದ ಇಡುವ ಹಣವೇ ಮೊದಲನೆಯವಳಿಗೆ 19,300, ಎರಡನೆಯವಳಿಗೆ 18,350 ಆಯಿತು. ಕೊನೆಗೆ ಬರುವುದು ಲಕ್ಷ ದಾಟಿತು. ತೊಂಬತ್ತೇಳು ರೂಪಾಯಿಯ ಬಾಲ ಯಾಕೆ ಎಂದು ಕೇಳಿದವರಿಗೆ, ವಿಮೆಯವರ ಲೆಕ್ಕಕ್ಕೆ ಬಾಲ ಇದ್ದೇ ಇರುತ್ತದಮ್ಮ ಎನ್ನುತ್ತಿದ್ದೆ. ಲಕ್ಷ ಅನ್ನುವ ಮಾತು ಹೊರಟಿದ್ದೇ ತಡ, ಅರ್ಜಿಗಳಿಗೆ ಬಿಡುವೇ ಇರಲಿಲ್ಲ.

ಯೋಚನೆ ನಮ್ಮ ರಾಜ್ಯದ್ದೇ ಅಲ್ಲ. ಹರಿಯಾಣದಲ್ಲಿ 1994ರ ಅಕ್ಟೋಬರ್‌ನಲ್ಲೇ 'ಅಪ್ನಿ ಬೇಟಿ ಅಪ್ನಾ ಧನ್' ಎಂದು 2,500 ರೂಪಾಯಿಯ ಬಾಂಡ್ ಕೊಟ್ಟು, ಮದುವೆಯಾಗದೆ ಹದಿನೆಂಟು ದಾಟಿದರೆ ಇಪ್ಪತ್ತೈದು ಸಾವಿರ ಎಂದಿದ್ದರು. 1997ರಲ್ಲಿ ಕೇಂದ್ರದ ಬಾಲಿಕಾ ಸಮೃದ್ಧಿ ಯೋಜನೆ ಬಂತು. ಆ ವರ್ಷದ ಆಗಸ್ಟ್ 15ರ ನಂತರ ಹುಟ್ಟಿದ ಬಡವರ ಮಗಳಿಗೆ ಐನೂರು ರೂಪಾಯಿ, ಮುಂದೆ ಶಾಲೆಗೆ ಹೋದರೆ ವರ್ಷವರ್ಷ ವಿದ್ಯಾರ್ಥಿವೇತನ. ಒಂದರಿಂದ ಮೂರನೇ ತರಗತಿಗೆ 300, ನಾಲ್ಕಕ್ಕೆ 500, ಹೀಗೆ ಏರುತ್ತ ಹತ್ತನೇ ತರಗತಿಗೆ 1,000. ಒಂಬತ್ತು ವರ್ಷ ಕಳೆದು ಭಾಗ್ಯಲಕ್ಷ್ಮಿ ಬಂದಾಗ ವಿದ್ಯಾರ್ಥಿವೇತನದ ಪಟ್ಟಿ ನೋಡಿದರೆ ಅದೇ 300, ಅದೇ 500, ಅದೇ 1,000! ಒಂಬತ್ತು ವರ್ಷದಲ್ಲಿ ನೋಟ್‌ಬುಕ್ಕಿನ ಬೆಲೆ ಏರಿತ್ತು, ಸಮವಸ್ತ್ರದ ಬೆಲೆ ಏರಿತ್ತು, ಪಟ್ಟಿ ಮಾತ್ರ ನಿಂತಲ್ಲೇ ನಿಂತಿತ್ತು. ಈ ಯೋಜನೆಗಳ ರೋಗವೇ ಇದು: ಒಮ್ಮೆ ಬರೆದ ಅಂಕಿಯನ್ನು ಯಾರೂ ಮತ್ತೆ ಮುಟ್ಟುವುದಿಲ್ಲ.

ಯೋಜನೆ ಬೇಕಾದದ್ದೇನೋ ನಿಜ. ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರ ಜನಗಣತಿಯಲ್ಲಿ 960 ಹೆಣ್ಣುಮಕ್ಕಳಿದ್ದರು, 2001ರಲ್ಲಿ 946. ಹತ್ತು ವರ್ಷದಲ್ಲಿ ಹದಿನಾಲ್ಕು ಕಡಿಮೆ. 2011ಕ್ಕೆ 948 ಆಯಿತು. ಆ ಎರಡನ್ನು ಬಾಂಡ್ ತಂದಿತು ಎಂದು ಹೇಳುವಷ್ಟು ಧೈರ್ಯ ನನಗಿಲ್ಲ.

ನಮ್ಮ ಮಾರತ್ತಹಳ್ಳಿ ಆಗ ಹೇಗಿತ್ತು ಎಂದು ಇಲ್ಲಿ ಸ್ವಲ್ಪ ಹೇಳಬೇಕು. 2007ರಲ್ಲಿ ಮಹದೇವಪುರ ನಗರಸಭೆಯ ಜೊತೆ ನಾವೂ ಬಿಬಿಎಂಪಿಗೆ ಸೇರಿದೆವು. 2008ರ ಮೇನಲ್ಲಿ ಪಕ್ಕದ ಎಚ್‌ಎಎಲ್ ನಿಲ್ದಾಣದಿಂದ ಪ್ರಯಾಣಿಕರ ವಿಮಾನಗಳು ದೇವನಹಳ್ಳಿಗೆ ಹೋದವು. ರಿಂಗ್ ರೋಡಿನ ಎರಡೂ ಬದಿ ರಾಗಿ ಹೊಲಗಳು ಸಾಫ್ಟ್‌ವೇರ್ ಕಟ್ಟಡಗಳಾಗುತ್ತಿದ್ದವು. ಆ ಕಟ್ಟಡ ಕಟ್ಟಲು ರಾಯಚೂರು, ಕಲಬುರಗಿ, ಯಾದಗಿರಿಯಿಂದ ಬಂದವರು ತಗಡಿನ ಶೆಡ್ಡುಗಳಲ್ಲಿದ್ದರು. ಬಡತನ ಅಳೆಯುವ ಕೋಲು ಬಿಪಿಎಲ್ ಕಾರ್ಡ್. ಎಕರೆ ಮಾರಿ ಮೂರಂತಸ್ತು ಕಟ್ಟಿ ಬಾಡಿಗೆ ತಿನ್ನುವ ಮನೆಯಲ್ಲಿ ಹಳೆಯ ಕಾರ್ಡ್ ಭದ್ರವಾಗಿತ್ತು. ಶೆಡ್ಡಿನವರ ಕಾರ್ಡ್ ಊರಿನಲ್ಲಿ ಅತ್ತೆಯ ಪೆಟ್ಟಿಗೆಯಲ್ಲಿ! ಹೆರಿಗೆ ಇಲ್ಲಿ, ಕಾರ್ಡ್ ಅಲ್ಲಿ, ಜನನ ಪ್ರಮಾಣಪತ್ರ ಇನ್ನೊಂದು ಕಡೆ. ಅರ್ಜಿಗೆ ಇದ್ದ ಅವಧಿ ಹುಟ್ಟಿದ ಒಂದು ವರ್ಷ. ಆ ವರ್ಷದೊಳಗೆ ಊರಿಗೆ ಹೋಗಿ ಕಾಗದ ತಂದವರಿಗೆ ಬಾಂಡ್, ಕೂಲಿ ಬಿಡಲಾಗದವರಿಗೆ ಇಲ್ಲ. ಅಪಾರ್ಟ್‌ಮೆಂಟ್ ಕಾಯುವ ನೇಪಾಳದವನ ಮಗಳು ನಮ್ಮ ಅಂಗನವಾಡಿಯಲ್ಲೇ ಕುಳಿತು ಕನ್ನಡ ಅಕ್ಷರ ಕಲಿತಳು, ಅವಳ ಹೆಸರಂತೂ ಯಾವ ಪಟ್ಟಿಗೂ ಬರಲಿಲ್ಲ.

ಮುಂದೆ ಕಾರ್ಡಿಗೆ ವರಮಾನದ ಮಿತಿ ವರ್ಷಕ್ಕೆ 1,20,000 ಎಂದಾಯಿತು. ಅಂದರೆ ತಿಂಗಳಿಗೆ ಹತ್ತು ಸಾವಿರ. ಗಂಡ ಸೆಕ್ಯೂರಿಟಿ, ಹೆಂಡತಿ ನಾಲ್ಕು ಮನೆ ಪಾತ್ರೆ ತಿಕ್ಕಿದರೆ ಈ ಕಡೆ ಅದು ದಾಟಿಹೋಗುತ್ತದೆ. ವರಮಾನ ಪ್ರಮಾಣಪತ್ರದ ಅರ್ಜಿ ತುಂಬುವಾಗ ಎಷ್ಟು ಬರೆಯಲಿ ಎಂದು ಅವರು ನನ್ನ ಮುಖ ನೋಡುತ್ತಿದ್ದರು. ನಾನು ಗೋಡೆ ನೋಡುತ್ತಿದ್ದೆ. ಬೆಂಗಳೂರಿನ ಬಾಡಿಗೆಗೂ ಬೀದರಿನ ಹಳ್ಳಿಯ ಬಾಡಿಗೆಗೂ ಒಂದೇ ಮಿತಿ ಇಟ್ಟವರು ಸುಳ್ಳು ಬರೆಯಿರಿ ಎಂದೇ ಹೇಳಿದಂತೆ.

ಷರತ್ತುಗಳೂ ಇದ್ದವು. ಚುಚ್ಚುಮದ್ದು ಹಾಕಿಸಿರಬೇಕು, ಅಂಗನವಾಡಿಗೆ ಸೇರಿರಬೇಕು, ಎಂಟನೇ ತರಗತಿಯವರೆಗಾದರೂ ಓದಿರಬೇಕು, ಬಾಲಕಾರ್ಮಿಕಳಾಗಿರಬಾರದು, ಹದಿನೆಂಟರ ಮೊದಲು ಮದುವೆಯಾಗಿರಬಾರದು. ಇವನ್ನು ಯಾವ ತಾಯಿಯೂ ತಕರಾರಿಲ್ಲದೆ ಒಪ್ಪುತ್ತಿದ್ದಳು. ಗಂಟಲಿಗೆ ಸಿಕ್ಕುತ್ತಿದ್ದದ್ದು ಕುಟುಂಬ ಯೋಜನೆಯ ಆಪರೇಷನ್. ಸೌಲಭ್ಯ ಎರಡು ಹೆಣ್ಣುಮಕ್ಕಳಿಗೆ ಮಾತ್ರ, ಆಪರೇಷನ್ ಆದ ಸರ್ಟಿಫಿಕೇಟ್ ತರಬೇಕು. ಎರಡೂ ಹೆಣ್ಣಾದ ಮನೆಯಲ್ಲಿ ಅತ್ತೆ, "ಇನ್ನೊಂದು ನೋಡೋಣ" ಎನ್ನುವಳು. ಸೊಸೆ ನನ್ನ ಕಡೆ ತಿರುಗಿ ಲಕ್ಷ ಎಷ್ಟು ದೊಡ್ಡದು ಎಂದು ಕೇಳುವಳು. ಹುಟ್ಟಲಿರುವ ಗಂಡುಮಗನ ಎದುರು ಒಂದು ಲಕ್ಷವನ್ನು ತೂಗುವ ತಕ್ಕಡಿ ನನ್ನ ಕೈಲಿ ಎಲ್ಲಿತ್ತು?

ಹೆಂಗಸರೇ ತಕ್ಕಡಿ ಹುಡುಕಿಕೊಂಡರು, ಚಿನ್ನದ್ದು. 2008ರಲ್ಲಿ ಹತ್ತು ಗ್ರಾಂ ಚಿನ್ನ ಹನ್ನೆರಡೂವರೆ ಸಾವಿರದ ಆಸುಪಾಸು. ಲಕ್ಷಕ್ಕೆ ಎಂಬತ್ತು ಗ್ರಾಂ, ಅಂದರೆ ಹತ್ತು ಸವರನ್. "ಒಂದು ಸರ, ನಾಲ್ಕು ಬಳೆ, ಓಲೆ. ಸಾಕು ಮಿಸ್" ಎಂದು ಒಬ್ಬಳು ಬೆರಳು ಮಡಿಸಿ ಲೆಕ್ಕ ಮುಗಿಸಿದ್ದಳು. ಓದಿಗೆ ಎಂದು ಸರ್ಕಾರ ಇಟ್ಟ ಹಣವನ್ನು ಮದುವೆಗೆ ಎಣಿಸುತ್ತೀರಲ್ಲ ಎಂದು ಬೈದಿದ್ದೇನೆ. ಹಾಗೆ ಎಣಿಸಿದ್ದರಿಂದಲೇ ಈಗ ನಷ್ಟ ಕಣ್ಣಿಗೆ ಕಾಣುತ್ತಿದೆ. 2025ರಲ್ಲಿ ಹತ್ತು ಗ್ರಾಂ ಚಿನ್ನ ಲಕ್ಷ ದಾಟಿತು. ಆಗಸ್ಟ್ 2008ರಲ್ಲಿ ಹುಟ್ಟಿದವಳಿಗೆ ಹದಿನೆಂಟು ತುಂಬುವುದು ಆಗಸ್ಟ್ 2026ಕ್ಕೆ. ಹಣ ಐದು ಪಟ್ಟಾಯಿತು, ಹತ್ತು ಸವರನ್ ಒಂದೂಕಾಲು ಸವರನ್ನಿಗೂ ಸಾಲದಾಯಿತು. ಓದಿನ ಲೆಕ್ಕದಲ್ಲಿ ನೋಡಿದರೂ ಸಂತೋಷಪಡುವಂಥದ್ದೇನಿಲ್ಲ, ಈ ಕಡೆಯ ಖಾಸಗಿ ಕಾಲೇಜುಗಳ ಶುಲ್ಕ ಗೊತ್ತಿರುವವರಿಗೆ ನಾನು ಹೇಳಬೇಕಿಲ್ಲ.

2020-21ರಿಂದ ಹೊಸ ಮಕ್ಕಳಿಗೆ ಬಾಂಡ್ ನಿಂತು ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಖಾತೆ ಬಂತು. ಸರ್ಕಾರ ವರ್ಷಕ್ಕೆ ಮೂರು ಸಾವಿರದಂತೆ ಹದಿನೈದು ವರ್ಷ, ಒಟ್ಟು 45,000 ಕಟ್ಟುತ್ತದೆ. ಇಪ್ಪತ್ತೊಂದಕ್ಕೆ 1.27 ಲಕ್ಷ ಎಂದು ಅಂದಾಜು ಹೇಳಿದರು. ಆಗ ಬಡ್ಡಿ ಶೇ. 7.6, 2024ರ ಜನವರಿಯಿಂದ ಶೇ. 8.2. ಬಡ್ಡಿ ಹೀಗೇ ಉಳಿದರೆ 1.4 ಲಕ್ಷದ ಹತ್ತಿರ ಹೋಗಬಹುದು, ಇಳಿದರೆ ಇಲ್ಲ. ಈ ಲೆಕ್ಕಕ್ಕೆ ನನ್ನ ಬಾಯಲ್ಲಿ ಒಂದು ಅಂಕಿ ನಿಲ್ಲುವುದಿಲ್ಲ. ಆದರೂ ಇದೇ ಮೇಲು ಎನ್ನುತ್ತೇನೆ, ಬಡ್ಡಿಯಾದರೂ ಕಾಲದ ಜೊತೆ ಅಲುಗಾಡುತ್ತದೆ. ವರ್ಷಕ್ಕೆ ಕಟ್ಟುವ ಮೂರು ಸಾವಿರ ಮಾತ್ರ ಅಲುಗಾಡುವುದಿಲ್ಲ, ಅದನ್ನು ಬೆಲೆಯೇರಿಕೆಗೆ ಕಟ್ಟಿಹಾಕಬೇಕಿತ್ತು. ಮನೆಯೊಡತಿಗೆ ತಿಂಗಳಿಗೆ ಎರಡು ಸಾವಿರ ಕೊಡುವ ಗೃಹಲಕ್ಷ್ಮಿ 2023ರಲ್ಲಿ ಬಂದ ಮೇಲೆ ಮಗಳಿಗೆ ವರ್ಷಕ್ಕೆ ಮೂರು ಸಾವಿರ ಎಂದರೆ ಯಾರಿಗೂ ದೊಡ್ಡದಾಗಿ ಕೇಳಿಸುತ್ತಿಲ್ಲ.

ಈಗ ನನ್ನ ಮನೆಗೆ ಬರುವ ತಾಯಂದಿರ ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗಿನ ಹಳೆಯ ಬಾಂಡ್ ಇರುತ್ತದೆ. ನಾಮಕರಣಕ್ಕೆ ಮೊದಲೇ ಅರ್ಜಿ ಹಾಕಿದ ಮಕ್ಕಳದ್ದು ಬಾಂಡಿನಲ್ಲಿ ಒಂದು ಹೆಸರು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನ್ನೊಂದು, ಆಧಾರ್‌ನಲ್ಲಿ ಇನಿಷಿಯಲ್ ಬೇರೆ. ಒಬ್ಬಳ ಬಾಂಡೇ ಬಂದಿಲ್ಲ, ಬಾಡಿಗೆ ಮನೆ ಬದಲಿಸುವಾಗ ಇನ್ನೊಬ್ಬಳದ್ದು ಕಳೆದಿದೆ. ನಿಮ್ಮ ಮನೆಕೆಲಸಕ್ಕೆ ಬರುವವಳಿಗೆ, ನಿಮ್ಮ ಗೇಟು ಕಾಯುವವನಿಗೆ 2006ರ ನಂತರ ಹುಟ್ಟಿದ ಮಗಳಿದ್ದರೆ ಬಾಂಡ್ ಇದೆಯಾ ಎಂದು ಇವತ್ತೇ ಕೇಳಿ. ಹೆಸರು, ಹುಟ್ಟಿದ ದಿನಾಂಕ ಆಧಾರ್‌ಗೆ ತಾಳೆಯಾಗುತ್ತದೆಯೇ ನೋಡಿ. ಮಗಳ ಹೆಸರಿನಲ್ಲೇ ಬ್ಯಾಂಕ್ ಖಾತೆ ಮಾಡಿಸಿ, ಕಾಗದ ಹಿಡಿದು ತಮ್ಮ ಅಂಗನವಾಡಿಗೆ ಹೋಗಲು ಅರ್ಧ ದಿನ ರಜೆ ಕೊಡಿ. ಆ ಅರ್ಧ ದಿನದ ಸಂಬಳ ಹಿಡಿಯಬೇಡಿ.